ಸ್ಟೇಟಸ್‌ನಲ್ಲಿ ಹಾಕಿದ ತಪ್ಪು ನಕ್ಷೆಗಳು

ಆ ಬೇಸಿಗೆಯ ಮೊದಲ ವಾರದ ವರದಿಯಲ್ಲಿ, ಹಾಜರಾತಿಯ ಕಾಲಮ್ಮಿನ ಕೆಳಗೆ, ‘ಹನ್ನೊಂದಕ್ಕೆ ಹನ್ನೊಂದು’ ಎಂದು ಬರೆದು ಸಹಿ ಹಾಕಿದ್ದೆ. ಅದು ತಪ್ಪು. ತಪ್ಪೆಂದು ನನಗೆ ತಿಳಿದದ್ದು ವರದಿ ಕೊಟ್ಟ ಮರುದಿನ, ಕೊಳ್ಳೇಗಾಲದ ಮಾರುಕಟ್ಟೆಯಲ್ಲಿ ಟೊಮೆಟೊ ಕ್ರೇಟು ಇಳಿಸುತ್ತಿದ್ದ ಒಬ್ಬ ಗೂಡ್ಸ್ ಆಟೋ ಚಾಲಕನ ಮಾತಿನಿಂದ.

ನಾನು ಪಾಠ ಹೇಳುವ ಪ್ರೌಢಶಾಲೆ ಲೊಕ್ಕನಹಳ್ಳಿಯ ಆಚೆ ಕಾಡಂಚಿನಲ್ಲಿದೆ. ನನ್ನ ವಿಷಯ ಸಮಾಜ ವಿಜ್ಞಾನ. ಆ ವರ್ಷ ಹತ್ತನೇ ತರಗತಿಯ ಪರೀಕ್ಷೆ-1ರಲ್ಲಿ ನಮ್ಮ ಶಾಲೆಯ ಹನ್ನೊಂದು ಮಕ್ಕಳು ಈ ವಿಷಯದಲ್ಲಿ ಫೇಲಾದರು. ಪರೀಕ್ಷೆ-2ಕ್ಕೆ ಉಳಿದಿದ್ದು ಇಪ್ಪತ್ತನಾಲ್ಕು ದಿನ. ಅವರಿಗೆ ವಿಶೇಷ ತರಗತಿ ನಡೆಸಬೇಕಿತ್ತು. ಆದರೆ ರಜೆ ಶುರುವಾಗಿ ಮಕ್ಕಳು ಊರು ಬಿಟ್ಟಿದ್ದರು. ಇಬ್ಬರು ಅಪ್ಪ ಅಮ್ಮನ ಜೊತೆ ಯಳಂದೂರಿನ ಕಡೆ ಕಬ್ಬಿನ ಕೆಲಸಕ್ಕೆ ಹೋಗಿದ್ದರು. ಒಬ್ಬ ರಾಮಾಪುರದ ಸೋದರಮಾವನ ಮನೆಯಲ್ಲಿದ್ದ, ಒಬ್ಬಳು ಗಡಿಯಾಚೆ ತಮಿಳುನಾಡಿನ ಅಜ್ಜಿಯ ಊರಲ್ಲಿ. ಊರಲ್ಲೇ ಇದ್ದವರೂ ಕೂಲಿಗೆ ಹೋಗುತ್ತಿದ್ದರು. ಶಾಲೆಯ ಬಾಗಿಲು ತೆರೆದು ಕೂತರೆ ಮೂವರು ಬಂದರೆ ಹೆಚ್ಚು. ಆದ್ದರಿಂದ ಫೋನಿನಲ್ಲೇ ತರಗತಿ ನಡೆಸೋಣವೆಂದು ಮುಖ್ಯ ಶಿಕ್ಷಕರೂ ನಾನೂ ತೀರ್ಮಾನಿಸಿದೆವು.

ಹನ್ನೊಂದು ಮಕ್ಕಳಲ್ಲಿ ಒಬ್ಬ ಹುಡುಗಿಯ ಸ್ಥಿತಿ ಬೇರೆಯಾಗಿತ್ತು. ಉಳಿದ ಐದೂ ವಿಷಯಗಳಲ್ಲಿ ಅವಳು ಪಾಸು. ಸಮಾಜ ವಿಜ್ಞಾನದಲ್ಲಿ ಮಾತ್ರ ಆರು ಅಂಕ ಕಡಿಮೆ. ಫಲಿತಾಂಶ ಬಂದ ಮರುದಿನ ಅವಳ ತಾಯಿ ಶಾಲೆಗೆ ಬಂದರು.

“ಇನ್ನೊಂದ್ ಕಿತ ಬರೀಲಿ ಮೇಡಮ್ಮೋರೆ. ಪಾಸಾದ್ರೆ ಕಾಲೇಜು. ಇಲ್ದಿದ್ರೆ ಗಾರ್ಮೆಂಟ್ಸ್ ವ್ಯಾನು. ಅಲ್ಲೂ ಮಾತಾಡಿ ಮಡ್ಗಿವ್ನಿ.”

ಅವರ ದನಿಯಲ್ಲಿ ಕೋಪವಿರಲಿಲ್ಲ. ಬೆಳಿಗ್ಗೆ ಊರಿನ ಕ್ರಾಸಿಗೆ ಬಂದು ಹೆಣ್ಣುಮಕ್ಕಳನ್ನು ಹತ್ತಿಸಿಕೊಂಡು ಹೋಗಿ ಸಂಜೆ ಇಳಿಸುವ ಆ ವ್ಯಾನನ್ನು ನಾನೂ ದಿನಾ ನೋಡುತ್ತಿದ್ದೆ. ನಮ್ಮ ಹಳೆಯ ವಿದ್ಯಾರ್ಥಿನಿಯರು ಕಿಟಕಿಯಿಂದ ಕೈ ಬೀಸುತ್ತಿದ್ದರು. ತಾಯಿ ಮಾತಾಡುವಾಗ ಹುಡುಗಿ ನಾಲ್ಕು ಹೆಜ್ಜೆ ಹಿಂದೆ ನಿಂತು ಕೇಳಿಸಿಕೊಂಡಳು. ಹೊರಡುವಾಗ ನನ್ನ ಪಕ್ಕ ಬಂದು ಒಂದೇ ಒಂದು ಪ್ರಶ್ನೆ ಕೇಳಿದಳು. “ಮಿಸ್, ಹನೂರಲ್ಲಿ ಹಾಸ್ಟೆಲ್ ಸೀಟು ಯಾವತ್ತಿಗೆ ಕ್ಲೋಸ್ ಆಯ್ತದೆ?”

ಮೊದಲೆರಡು ದಿನ ನೇರ ವಿಡಿಯೋ ತರಗತಿ ಮಾಡಿದೆ. ಹನ್ನೊಂದರಲ್ಲಿ ಮೂವರು ಸೇರಿದರು. ಒಬ್ಬರ ಕ್ಯಾಮೆರಾದಲ್ಲಿ ತಿರುಗುವ ಫ್ಯಾನು, ಇನ್ನೊಬ್ಬರ ಕಡೆಯಿಂದ ಎಮ್ಮೆಯ ಸದ್ದು. ಮೂರನೆಯವನ ಮುಖ ಬಾಯಿ ತೆರೆದಲ್ಲೇ ನಿಂತುಹೋಯಿತು. ಮೂರನೇ ದಿನದಿಂದ ಅದನ್ನು ಬಿಟ್ಟು ವಾಟ್ಸ್ಆ್ಯಪ್ ಗುಂಪಿಗೆ ಬಂದೆ. ಬೆಳಿಗ್ಗೆ ಒಂಬತ್ತಕ್ಕೆ ಟಿಪ್ಪಣಿಯ ಫೋಟೋ, ಜೊತೆಗೆ ಎಂಟು ನಿಮಿಷದ ಧ್ವನಿ ಪಾಠ. ಕೊನೆಯಲ್ಲಿ, ‘ಕೇಳಿದವರು ತಿಳಿಸಿ.’ ಅರ್ಧ ಗಂಟೆಯೊಳಗೆ ಹನ್ನೊಂದೂ ನಂಬರುಗಳಿಂದ ಉತ್ತರ ಬರುತ್ತಿತ್ತು. ಕೈಮುಗಿದ ಚಿತ್ರ, ಗುಲಾಬಿ, ಹಚ್ಚಿದ ದೀಪ, ಮೇಲೆತ್ತಿದ ಹೆಬ್ಬೆರಳು. ನಾನು ಅವನ್ನು ನೋಡಿ ಪಟ್ಟಿಯಲ್ಲಿ ಗುರುತು ಹಾಕುತ್ತಿದ್ದೆ.

ಕೆಲವು ವರ್ಷ ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡಿದವಳು ನಾನು. ಬಂದ ಸುದ್ದಿಯನ್ನು ಎರಡನೆಯವರೊಬ್ಬರಿಂದ ಖಚಿತ ಮಾಡಿಕೊಳ್ಳದೆ ಪುಟಕ್ಕೆ ಬಿಡಬಾರದೆಂಬುದು ಅಲ್ಲಿ ಕಲಿತ ಮೊದಲ ಪಾಠ. ಹಾಜರಾತಿ ಪುಸ್ತಕಕ್ಕೂ ಅದು ಅನ್ವಯಿಸುತ್ತದೆಂದು ನನಗೆ ಹೊಳೆಯಲಿಲ್ಲ.

ನಾನಿರುವುದು ಕೊಳ್ಳೇಗಾಲದಲ್ಲಿ; ಏಳನೇ ದಿನ ತರಕಾರಿಗೆಂದು ಮಾರುಕಟ್ಟೆಗೆ ಹೋಗಿದ್ದೆ. ಆಟೋದ ಹಿಂಬದಿಯಿಂದ ಯಾರೋ ಕೂಗಿದರು.

“ನಮಸ್ಕಾರ ಮಿಸ್! ಗೊತ್ತಾಗ್ನಿಲ್ವಾ? ನಿಮ್ ಗ್ರೂಪಲ್ಲಿ ಇವ್ನಲ್ಲ ನಾನು!”

ಅದು ಆ ಹುಡುಗಿಯ ಅಣ್ಣ. ಊರಿನ ತರಕಾರಿಯನ್ನು ಬೆಳಿಗ್ಗೆ ಕೊಳ್ಳೇಗಾಲಕ್ಕೆ ತಂದು, ದಿನವಿಡೀ ಬಾಡಿಗೆ ಹೊಡೆದು, ಸಂಜೆ ವಾಪಸ್ಸು ಹೋಗುವವನು. ನನ್ನನ್ನು ಕಂಡು ಅವನಿಗೆ ನಿಜವಾಗಿಯೂ ಸಂತೋಷವಾಗಿತ್ತು.

“ಪಾಠ ಹೇಗಿದೆಯಪ್ಪ?” ಎಂದೆ.

“ಚೆನ್ನಾಗೇ ಇರ್ತದೆ ಬುಡಿ. ದಿನಾ ತಪ್ದಂಗೆ ಕೈ ಮುಗೀತೀನಿ.”

“ತಂಗಿ ಕೇಳಿದಳಾ?”

“ಅವ್ಳೆಲ್ ಕೇಳಾಳು? ಫೋನು ನನ್ ಜೇಬಲ್ಲಿರ್ತದೆ, ನಾನು ರೋಡಲ್ಲಿರ್ತೀನಿ.”

“ಮತ್ತೆ ಕೈ ಮುಗಿದಿದ್ದು?”

ಅವನು ಕ್ರೇಟು ಕೆಳಗಿಟ್ಟು ನನ್ನನ್ನೇ ನೋಡಿದ. ಇಂಥ ಪ್ರಶ್ನೆ ಟೀಚರಿಂದ ಬರಬಹುದೆಂದು ಅವನು ಎಣಿಸಿರಲಿಲ್ಲ. “ಟೀಚರು ಮೆಸೇಜ್ ಆಕಿದ್ಮೇಲೆ ಸುಮ್ಕಿರೋಕಾಯ್ತದಾ ಮಿಸ್? ಮರ್ವಾದೆ ಅಲ್ವಾ?”

ಆಮೇಲೆ ಅವನೇ ಸಮಾಧಾನ ಹೇಳಿದ. “ನನ್ಗೇನು ತಂಗಿಗೆ ತೋರುಸ್ಬಾರ್ದು ಅಂತಿಲ್ಲ. ಸಂದೇಗೆ ಮನೆಗೋದ್ರೆ ಫೋನು ಕಿತ್ಕತಾರೆ. ಅವ್ವ, ತಂಗಿ ಇಬ್ರೂ ಕುಂತ್ಕಂಡು ನೆಂಟ್ರುದೆಲ್ಲಾ ಸ್ಟೇಟಸ್ ನೋಡಾದೇಯ. ಗ್ರೂಪು ಯಾರ್ ತೆಗೀತಾರೆ? ನೂರ್ ಗ್ರೂಪವೆ.”

ಮನೆಗೆ ಬಂದು ಉಳಿದ ಹತ್ತು ನಂಬರುಗಳಿಗೂ ಫೋನು ಮಾಡಿದೆ. ಸಂಜೆಯೊಳಗೆ ಚಿತ್ರ ಸ್ಪಷ್ಟವಾಯಿತು. ಪಾಠವನ್ನು ಕೇಳಿದ್ದವರು ಇಬ್ಬರು ಮಾತ್ರ. ಮಿಕ್ಕ ಕಡೆ ಅಪ್ಪ, ಮಾವ, ಚಿಕ್ಕಪ್ಪ, ಯಾರ ಕೈಯಲ್ಲಿ ಫೋನಿತ್ತೋ ಅವರು, ಪಾಠ ತೆರೆಯದೆಯೇ ನಮಸ್ಕಾರ ಹೇಳಿದ್ದರು. ಯಾರೂ ನನಗೆ ಮೋಸ ಮಾಡಿರಲಿಲ್ಲ. ಗೌರವವನ್ನು ನಾನು ಹಾಜರಾತಿ ಎಂದು ಓದಿಕೊಂಡಿದ್ದೆ.

ಮರುದಿನ ಬೆಳಿಗ್ಗೆ ಮುಖ್ಯ ಶಿಕ್ಷಕರಿಗೆ ಒಂದು ಪುಟದ ತಿದ್ದುಪಡಿ ಕೊಟ್ಟೆ. ‘ಮೊದಲ ವಾರದ ಹಾಜರಾತಿ ಹನ್ನೊಂದಕ್ಕೆ ಎರಡು. ಹಿಂದಿನ ವರದಿ ತಪ್ಪಾಗಿತ್ತು.’ ಅವರು ನಿವೃತ್ತಿಯ ಹತ್ತಿರ ಇದ್ದವರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಯಾರೂ ಕೇಳಲಿಲ್ಲವಲ್ಲ ಮೇಡಂ. ಮಲಗಿರೋದನ್ನ ಯಾಕೆ ಎಬ್ಬಿಸ್ತೀರಿ?”

“ಸರ್, ಎಲ್ಲರೂ ಕಲೀತಿದ್ದಾರೆ ಅಂತ ಕಾಗದದಲ್ಲಿದ್ದರೆ ನಾನು ಬೇರೆ ದಾರಿ ಹುಡುಕೋದೇ ಇಲ್ಲ.”

ಕನ್ನಡಕ ಮತ್ತೆ ಏರಿಸಿ ಸಹಿ ಹಾಕಿದರು. “ಸರಿ. ಬೇರೆ ದಾರಿ ಯಾವುದು, ಅದನ್ನಾದರೂ ಹೇಳಿ.”

ದಾರಿಯನ್ನು ಆಟೋದವನು ಆಗಲೇ ಹೇಳಿದ್ದ. ಹಿಂದಿನ ದಿನ ಫೋನು ಮಾಡಿದಾಗ ಎಲ್ಲ ಮನೆಗಳಿಗೂ ಒಂದು ಪ್ರಶ್ನೆ ಕೇಳಿದ್ದೆ. ಸಂಜೆ ಫೋನು ಮನೆಗೆ ಬಂದಾಗ ಮಕ್ಕಳು ಮೊದಲು ಏನು ನೋಡುತ್ತಾರೆ? ಹನ್ನೊಂದರಲ್ಲಿ ಒಂಬತ್ತು ಮನೆಯಿಂದ ಒಂದೇ ಉತ್ತರ: ಸ್ಟೇಟಸ್. ಯಾರ ಮನೆಯಲ್ಲಿ ನಾಮಕರಣ, ಯಾರು ಹೊಸ ಬೈಕು ತಂದರು, ಯಾರು ತೀರಿಕೊಂಡರು, ಎಲ್ಲವೂ ಅಲ್ಲಿರುತ್ತದೆ. ಇಪ್ಪತ್ತನಾಲ್ಕು ಗಂಟೆ ಕಳೆದರೆ ಅಳಿಸಿಹೋಗುತ್ತದೆ, ಆದ್ದರಿಂದ ಯಾರೂ ನಾಳೆಗೆ ಬಿಡುವುದಿಲ್ಲ. ಗುಂಪಿನ ಪಾಠ ಎಂದೆಂದಿಗೂ ಅಲ್ಲೇ ಬಿದ್ದಿರುತ್ತದೆ. ಹಾಗಾಗಿ ಯಾರೂ ಇವತ್ತು ತೆರೆಯುವುದಿಲ್ಲ.

ಪಾಠವನ್ನು ಸ್ಟೇಟಸ್‌ಗೆ ಹಾಕುತ್ತೇನೆ ಎಂದಾಗ ಮುಖ್ಯ ಶಿಕ್ಷಕರ ಮುಖದಲ್ಲಿ ಇಷ್ಟವಿಲ್ಲದ್ದು ಕಂಡಿತು. “ಸೀರೆ ಅಂಗಡಿಯವರು ಹಾಕ್ತಾರಲ್ಲ, ಹಾಗಾ?”

“ಹಾಗೇ ಸರ್. ಅವರ ಸೀರೆ ಮಾರಾಟ ಆಗ್ತಿದೆ.”

ನಕ್ಕರು. ಎರಡು ಷರತ್ತು ಹಾಕಿದರು. ನನ್ನ ಸ್ವಂತ ನಂಬರು ಬಳಸಕೂಡದು, ಯಾರ ಮುಖವೂ ಕಾಣಕೂಡದು. ಎರಡೂ ಸರಿಯಾಗಿದ್ದವು. ಶಾಲೆಯ ಬೀರುವಿನಲ್ಲಿದ್ದ ಹಳೆಯ ಫೋನಿಗೆ ಹೊಸ ಸಿಮ್ ಹಾಕಿಸಿದೆ. ಸ್ಟೇಟಸ್ ಕಾಣಬೇಕಾದರೆ ಅವರ ನಂಬರು ನಮ್ಮಲ್ಲೂ ನಮ್ಮದು ಅವರಲ್ಲೂ ಸೇವ್ ಆಗಿರಬೇಕು. ಹನ್ನೊಂದು ಮನೆಗೆ ಮತ್ತೆ ಫೋನು ಮಾಡಿ, ಹೊಸ ನಂಬರನ್ನು ಸೇವ್ ಮಾಡಿಸುವುದರಲ್ಲೇ ಒಂದು ಮಧ್ಯಾಹ್ನ ಕಳೆಯಿತು. ಯಳಂದೂರಿನ ಕಡೆಯಿದ್ದ ಒಬ್ಬ ತಂದೆ ನನ್ನನ್ನು ‘ಸಮಾಜ’ ಎಂಬ ಹೆಸರಿನಲ್ಲಿ ಸೇವ್ ಮಾಡಿಕೊಂಡಿದ್ದಾರೆಂದು ಆಮೇಲೆ ಗೊತ್ತಾಯಿತು.

ಚಿತ್ರೀಕರಣಕ್ಕೆ ಅಡುಗೆಮನೆಯ ಎರಡು ಸ್ಟೀಲ್ ಡಬ್ಬಗಳ ಮೇಲೆ ಉದ್ದದ ಸ್ಕೇಲು ಅಡ್ಡ ಇಟ್ಟು, ಅದರ ಮೇಲೆ ಫೋನನ್ನು ಕವುಚಿ ಇಟ್ಟೆ. ಕೆಳಗೆ ಬಿಳಿ ಹಾಳೆ, ನನ್ನ ಕೈ, ಒಂದು ಪೆನ್ನು. ಒಂದು ತುಣುಕು ಮೂವತ್ತು ಸೆಕೆಂಡು ಮೀರಬಾರದೆಂದು ನಾನೇ ಮಿತಿ ಹಾಕಿಕೊಂಡೆ. ಮೂವತ್ತು ಸೆಕೆಂಡಿಗೆ ನಿಧಾನವಾಗಿ ಓದಿದರೆ ನಲವತ್ತೈದು ಪದ ಹಿಡಿಯುತ್ತವೆ. ಬರೆದು, ಎಣಿಸಿ, ಹೆಚ್ಚಾದದ್ದನ್ನು ಹೊಡೆದುಹಾಕುತ್ತಿದ್ದೆ. ಮೊದಲ ವಾಕ್ಯದಲ್ಲೇ ವಿಷಯ ಬರಬೇಕು. ‘ಮಕ್ಕಳೇ, ಇಂದು ನಾವು’ ಎಂದು ಶುರು ಮಾಡಿದರೆ ನಾಲ್ಕು ಸೆಕೆಂಡು ವ್ಯರ್ಥ. ಮೊದಲ ದಿನ ಪಕ್ಕದ ಮನೆಯ ಕುಕ್ಕರಿನ ಸೀಟಿ ಬಂದು ಒಂದೇ ತುಣುಕನ್ನು ಐದು ಸಲ ತೆಗೆಯಬೇಕಾಯಿತು. ದಿನಕ್ಕೆ ಎಂಟು ತುಣುಕು. ಸಂಜೆ ಐದಕ್ಕೆ ಹಾಕುತ್ತಿದ್ದೆ, ಏಕೆಂದರೆ ಆರರ ಹೊತ್ತಿಗೆ ಫೋನುಗಳು ಮನೆ ಸೇರುತ್ತವೆ.

ಮರುದಿನ ಬೆಳಿಗ್ಗೆ ನೋಡಿದವರ ಪಟ್ಟಿಯಲ್ಲಿ ಹತ್ತು ನಂಬರುಗಳಿದ್ದವು. ಈ ಸಲ ಪಟ್ಟಿಯನ್ನು ನಂಬಲಿಲ್ಲ. ಪ್ರತಿ ಪಾಠದ ಕೊನೆಗೆ ಒಂದು ಪ್ರಶ್ನೆ ಕೊಟ್ಟು, ಉತ್ತರವನ್ನು ಕೈಯಲ್ಲಿ ಬರೆದು ಫೋಟೋ ಕಳಿಸಿದವರಿಗೆ ಮಾತ್ರ ಹಾಜರಿ ಎಂದೆ. ಮೊದಲ ದಿನ ಎಂಟು ಫೋಟೋ ಬಂದವು. ಆ ಎಂಟರಲ್ಲಿ ಹುಡುಗಿಯದು ಇರಲಿಲ್ಲ. ಅದು ಬೇರೆಡೆ ಸಿಕ್ಕಿತು. ಅವಳ ಅಣ್ಣ ಅದನ್ನು ತನ್ನ ಸ್ಟೇಟಸ್‌ಗೆ ಹಾಕಿದ್ದ.

ಅದು ಭಾರತದ ನಕ್ಷೆ. ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ ನಕ್ಷೆ ಬರೆದು ಸ್ಥಳ ಗುರುತಿಸುವ ಪ್ರಶ್ನೆ ಇದ್ದೇ ಇರುತ್ತದೆ. ಪಾಸಿನ ಅಂಚಿನಲ್ಲಿರುವವರನ್ನು ದಾಟಿಸುವುದು ಬಹುಪಾಲು ಅದೇ. ಅವಳ ನಕ್ಷೆ ಎಡಕ್ಕೆ ವಾಲಿತ್ತು. ಗುಜರಾತ್ ಅನಗತ್ಯವಾಗಿ ಉಬ್ಬಿತ್ತು, ಶ್ರೀಲಂಕಾ ಇರಲೇ ಇಲ್ಲ, ಬಂದರುಗಳು ನೀರಿನಿಂದ ದೂರ ನೆಲದ ಮೇಲಿದ್ದವು. ಕೆಳಗೆ ಅಣ್ಣ ಬರೆದಿದ್ದ: ‘ನನ್ ತಂಗಿ ಬರ್ದಿದ್ದು. ಪರೀಕ್ಷೆ-2.’ ಪಾಠ ಸ್ಟೇಟಸ್‌ನಲ್ಲಿ ಬಂದಿದೆ, ಆದ್ದರಿಂದ ಉತ್ತರವೂ ಅಲ್ಲೇ ಹೋಗಬೇಕೆಂದು ಅವನು ತಿಳಿದಿದ್ದ.

ಆಗಲೇ ತೆಗೆಸಬೇಕಿತ್ತು. ಅಣ್ಣನ ಉತ್ಸಾಹ ಕಂಡು ಸುಮ್ಮನಾದೆ. ಆ ನಿರ್ಧಾರ ನನ್ನದು, ಅದರ ತಪ್ಪೂ ನನ್ನದೇ. ಮೂರು ದಿನ ಮೂರು ನಕ್ಷೆ ಬಂದವು. ನಾಲ್ಕನೇ ದಿನ ಏನೂ ಬರಲಿಲ್ಲ. ಐದನೇ ದಿನವೂ ಇಲ್ಲ. ಫೋನು ಮಾಡಿದರೆ ಅಣ್ಣ ಮುಜುಗರಪಟ್ಟ. “ಅತ್ತೆ ಫೋನ್ ಮಾಡಿತ್ತು ಮಿಸ್. ಅವತ್ತಿಂದ ಪುಸ್ತಕ ಮುಟ್ಟಿಲ್ಲ ಅವ್ಳು. ಊಟಕ್ಕೂ ಗೋಡೆ ಕಡೆ ತಿರಿಕ್ಕಂಡೇ ಕುಂತ್ಕತಾಳೆ.”

ಪರೀಕ್ಷೆಗೆ ಹನ್ನೊಂದು ದಿನ ಉಳಿದಿತ್ತು. ಬೆಳಗಿನ ಬಸ್ಸು ಹತ್ತಿ ಹೋದೆ. ಒಡೆಯರಪಾಳ್ಯದ ಕಡೆ ಹೋಗುವ ರಸ್ತೆಯಲ್ಲಿ ಇಳಿದು ಒಂದು ಮೈಲಿ ನಡಿಗೆ. ಮನೆಯ ಮುಂದಿನ ಚಪ್ಪರದ ಕೆಳಗೆ ತಾಯಿ ಹುಣಸೆಹಣ್ಣು ಕುಟ್ಟಿ ಬೀಜ ಬಿಡಿಸುತ್ತಿದ್ದರು. ಹುಡುಗಿ ಎದುರು ಕೂತು ನಾರು ತೆಗೆಯುತ್ತಿದ್ದಳು. ನನ್ನನ್ನು ಕಂಡು ಎದ್ದು ನಿಂತಳು.

ತಾಯಿ ಹೇಳಿದರು: “ಯಳಂದೂರಲ್ಲಿ ನಮ್ಮತ್ಗೆ ಅವ್ರೆ ಮೇಡಮ್ಮೋರೆ. ‘ಮಗ್ಳು ಫೇಲಾಗಿರಾದ್ನ ಊರ್ಗೆಲ್ಲ ತಮ್ಟೆ ಒಡ್ಸ್ತಾ ಇದ್ದೀರಾ’ ಅಂದ್ಬುಟ್ರು. ಫೋನು ಇವ್ಳ ಕೈಲೇ ಇತ್ತು. ಎಲ್ಲಾ ಕೇಳುಸ್ಕಂಡ್ಳು.”

“ತಪ್ಪು ನನ್ನದು. ಮೊದಲ ದಿನವೇ ತೆಗೆಸಬೇಕಿತ್ತು” ಎಂದೆ.

“ಅಯ್ಯೋ, ನೀವೇನ್ ಮಾಡೀರಿ. ನನ್ ಮಗ ಸೀಬೇಹಣ್ಣು ತಕಂಡ್ರೂ ಪಟ ಇಡ್ದು ಆಕ್ತಾನೆ.”

ಹುಡುಗಿ ನಗಲಿಲ್ಲ. ಕೂತು ಪಾಠದ ಬಗ್ಗೆ ಕೇಳಿದೆ, ತಲೆ ಅಲ್ಲಾಡಿಸಿದಳು. ಹಾಸ್ಟೆಲಿನ ಕೊನೆಯ ದಿನಾಂಕ ವಿಚಾರಿಸಿಕೊಂಡು ಬಂದಿದ್ದೆ, ಅದನ್ನು ಹೇಳಿದೆ. ಕಣ್ಣೆತ್ತಿ ನೋಡಿ ಮತ್ತೆ ನಾರು ಬಿಡಿಸತೊಡಗಿದಳು. ಮುಕ್ಕಾಲು ಗಂಟೆ ಹೀಗೇ ಹೋಯಿತು. ಸುಮ್ಮನಿರಲಾಗದೆ ಅವಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಪೂರ್ವ ಕರಾವಳಿಯ ಗೆರೆ ಎಳೆದು, ಬಂದರುಗಳ ಹೆಸರು ಹೇಳುತ್ತ ಚುಕ್ಕೆ ಇಡತೊಡಗಿದೆ. ಮಡಿಲಲ್ಲಿಟ್ಟುಕೊಂಡು ಬರೆಯುತ್ತಿದ್ದುದರಿಂದ ಕೈ ಜಾರಿ ಚುಕ್ಕೆ ಎಲ್ಲೋ ಬಿತ್ತು.

“ಮಿಸ್, ವಿಶಾಖಪಟ್ಟಣ ಅಷ್ಟು ಕೆಳೀಕ್ಕಿಲ್ಲ.”

ನಾನು ಹಾಳೆ ನೋಡಿದೆ. ಅವಳು ಹೇಳಿದ್ದು ಸರಿ. ನಾನು ಅದನ್ನು ಚೆನ್ನೈ ಪಕ್ಕಕ್ಕೆ ತಂದಿಟ್ಟಿದ್ದೆ.

“ಎಲ್ಲಿರಬೇಕು?”

ಹುಣಸೆ ಅಂಟಿದ ಬೆರಳನ್ನು ಲಂಗಕ್ಕೆ ಒರೆಸಿಕೊಂಡು ಪೆನ್ನು ತೆಗೆದುಕೊಂಡಳು. ಸರಿಯಾದ ಜಾಗದಲ್ಲಿ ಚುಕ್ಕೆ ಇಟ್ಟು, ನನ್ನ ಚುಕ್ಕೆಯ ಮೇಲೆ ಸಣ್ಣದಾಗಿ ಅಡ್ಡಗೆರೆ ಎಳೆದಳು. ತಾಯಿ ಕುಟ್ಟುವುದು ನಿಲ್ಲಿಸಿದರು.

“ಏಯ್, ಮೇಡಮ್ಮೋರ್ದೇ ತಪ್ಪು ಇಡಿತಿಯೇನೇ?”

ಆಗ ಹುಡುಗಿ ನಕ್ಕಳು. ನಾನು ಬಂದ ಮೇಲೆ ಮೊದಲ ಸಲ.

ವಾಪಸ್ಸು ಬರುವ ಬಸ್ಸಿನಲ್ಲಿ ಕೂತು ಯೋಚಿಸಿದೆ. ಡೆಸ್ಕಿಗೆ ಹೊಸದಾಗಿ ಸೇರಿದವರಿಗೆ ಮೊದಲು ಬರೆಯಲು ಕೊಡುತ್ತಿರಲಿಲ್ಲ, ಪ್ರೂಫ್ ತಿದ್ದಲು ಕೊಡುತ್ತಿದ್ದರು. ಬೇರೆಯವರ ತಪ್ಪು ಹುಡುಕುವಾಗ ಕಣ್ಣು ಚುರುಕಾಗುತ್ತದೆ, ಮನಸ್ಸಿಗೆ ಭಯವಿರುವುದಿಲ್ಲ. ನಾನು ಈ ಮಕ್ಕಳಿಗೆ ಫೇಲಾದ ಮರುದಿನದಿಂದಲೇ ಬರೆಯಲು ಹೇಳಿ, ಅವರ ತಪ್ಪುಗಳನ್ನು ನಾನು ತಿದ್ದುತ್ತಿದ್ದೆ. ಬಸ್ಸು ಕೊಳ್ಳೇಗಾಲ ಮುಟ್ಟುವ ಹೊತ್ತಿಗೆ ಕ್ರಮವನ್ನು ತಿರುಗಿಸುವುದೆಂದು ನಿಶ್ಚಯವಾಗಿತ್ತು. ಇನ್ನು ತಪ್ಪು ಮಾಡುವವಳು ನಾನು, ತಿದ್ದುವವರು ಅವರು.

ಮುಖ್ಯ ಶಿಕ್ಷಕರು ಈ ಸಲ ನಗಲಿಲ್ಲ. “ತಪ್ಪು ನಕ್ಷೆಯನ್ನ ಶಾಲೆ ನಂಬರಿನಿಂದ ಹಾಕ್ತೀರಾ? ಯಾರಾದರೂ ಸ್ಕ್ರೀನ್‌ಶಾಟ್ ತೆಗೆದು ಮೇಲಿನವರಿಗೆ ಕಳಿಸಿದರೆ?”

ಆ ಭಯಕ್ಕೆ ಆಧಾರವಿತ್ತು, ಆದ್ದರಿಂದ ನಿಯಮ ಮಾಡಿಕೊಂಡೆ. ಪ್ರತಿ ಹಾಳೆಯ ನಡುಮಧ್ಯದಲ್ಲಿ, ಕತ್ತರಿಸಲು ಆಗದ ಹಾಗೆ, ಕೆಂಪು ಪೆನ್ನಿನಲ್ಲಿ ‘ಇದರಲ್ಲಿ ಒಂದು ತಪ್ಪಿದೆ’ ಎಂದು ಬರೆಯುವುದು. ಮರುದಿನ ಬೆಳಿಗ್ಗೆ ಆರೂವರೆಗೆ, ಪೇಪರು ಬರುವ ಹೊತ್ತಿಗೆ, ಸರಿಯಾದ ನಕ್ಷೆಯನ್ನೂ ತಪ್ಪು ಏನಿತ್ತೆಂಬ ಒಂದು ಸಾಲನ್ನೂ ಹಾಕುವುದು. ಮಕ್ಕಳ ಉತ್ತರ ನನಗೆ ಮಾತ್ರ ಬರಬೇಕು, ಯಾರ ಸ್ಟೇಟಸ್‌ನಲ್ಲೂ ಕಾಣಬಾರದು. ಮುಖ್ಯ ಶಿಕ್ಷಕರು ಮೂರು ನಿಯಮಗಳನ್ನೂ ಎರಡು ಸಲ ಓದಿ ಒಪ್ಪಿದರು.

ಮೊದಲ ಸಂಜೆ ಮುಂಬಯಿಯನ್ನು ಗೋವಾದ ಕೆಳಗೆ ಹಾಕಿದೆ. ಒಂದೂವರೆ ಗಂಟೆಯಲ್ಲಿ ಒಂಬತ್ತು ಉತ್ತರ. ಅಷ್ಟು ಬೇಗ, ಅಷ್ಟು ಖುಷಿಯಾಗಿ ಈ ಮಕ್ಕಳು ನನಗೆ ಹಿಂದೆಂದೂ ಉತ್ತರ ಕೊಟ್ಟಿರಲಿಲ್ಲ. ರಾಮಾಪುರದಲ್ಲಿದ್ದವನು ಧ್ವನಿ ಸಂದೇಶದಲ್ಲಿ, “ಮಿಸ್, ಇದು ಬೇಕೂಂತ ಮಾಡಿದ್ದಾ, ಇಲ್ಲಾ ಮರ್ತೋಯ್ತಾ?” ಎಂದು ಕೇಳಿದ. ಹುಡುಗಿ ಒಂದೇ ಸಾಲು ಕಳಿಸಿದಳು: ‘ಮುಂಬಯಿ ಮೇಲೆ ಬರಬೇಕು.’ ಐದು ದಿನದ ನಂತರ ಅವಳಿಂದ ಬಂದ ಮೊದಲ ಉತ್ತರ ಅದು.

ಎರಡನೇ ದಿನ ಅಣ್ಣ ಫೋನು ಮಾಡಿದ. “ಮಿಸ್, ನಿಮ್ ತಪ್ಪನ್ನ ನನ್ ಸ್ಟೇಟಸ್‌ಗೆ ಆಕ್ಕಬೋದಾ? ತಂಗೀದು ಆಕಲ್ಲ, ಆಣೆ.”

ಕೆಂಪಕ್ಷರ ಅಳಿಸದೆ ಹಾಗೇ ಹಾಕಬೇಕು, ಯಾರ ಹೆಸರೂ ಹಾಕಬಾರದು ಎಂದು ಹೇಳಿ ಒಪ್ಪಿಕೊಂಡೆ. ಅಂದಿನಿಂದ ನನ್ನ ತಪ್ಪುಗಳು ಮಾರುಕಟ್ಟೆಗೂ ಹೋದವು. ಕಲ್ಲಿನ ಲಾರಿ ಓಡಿಸುವವರೊಬ್ಬರು ಅವನ ಫೋನಿನಿಂದಲೇ ನನಗೆ ಧ್ವನಿ ಸಂದೇಶ ಕಳಿಸಿದರು: “ಮೇಡಂ, ಚೆನ್ನೈ ಪೋರ್ಟ್ನ ಪಾಂಡಿಚೇರಿ ಕೆಳೀಕ್ಕಾಕಿದ್ದೀರಲ್ಲ. ಕಲ್ಲು ಲೋಡ್ ತಕಂಡು ನೂರ್ ಸಲ ಓಗಿವ್ನಿ. ಅದು ಮೇಲ್ಗಡೆ ಬತ್ತದೆ, ನೋಡ್ಕಳಿ.” ಯಳಂದೂರಿನ ಅತ್ತೆಯೂ ನೋಡಿದ್ದರು. ಅವರು ತಾಯಿಗೆ ಫೋನು ಮಾಡಿ, “ಆ ಮೇಡಮ್ಮಂಗೇ ನೆಟ್ಗೆ ಬರಾಕಿಲ್ಲ, ಇನ್ನ ನಿನ್ ಮಗ್ಳೇನ್ ಮಾಡಾಳು ಪಾಪ” ಎಂದರಂತೆ. ಅಣ್ಣ ಇದನ್ನು ಹಿಂಜರಿಯುತ್ತ ಹೇಳಿದ. ಆ ಇಡೀ ಬೇಸಿಗೆಯಲ್ಲಿ ನನಗೆ ಅತಿ ಹೆಚ್ಚು ಸಮಾಧಾನ ಕೊಟ್ಟ ಮಾತು ಅದೇ.

ನಕ್ಷೆಯ ಜೊತೆಗೆ ಇತಿಹಾಸ, ಪೌರನೀತಿಯನ್ನೂ ಸೇರಿಸಿದೆ. ಬ್ರಿಟಿಷರ ಸಹಾಯಕ ಸೈನ್ಯ ಪದ್ಧತಿಯ ಷರತ್ತುಗಳ ನಡುವೆ ದತ್ತು ಮಕ್ಕಳಿಗೆ ಹಕ್ಕಿಲ್ಲವೆಂಬ ನೀತಿಯ ಒಂದು ವಾಕ್ಯ ತೂರಿಸುತ್ತಿದ್ದೆ; ಅದನ್ನು ಹುಡುಕಲು ಮಕ್ಕಳು ಎರಡೂ ಭಾಗ ಓದಬೇಕಿತ್ತು. ಒಳ್ಳೆಯ ತಪ್ಪು ಮಾಡುವುದು ಸುಲಭವಲ್ಲ. ತೀರಾ ದೊಡ್ಡದಾದರೆ ಓದದೆಯೇ ಹಿಡಿಯುತ್ತಾರೆ, ತೀರಾ ಚಿಕ್ಕದಾದರೆ ಕೈಬಿಡುತ್ತಾರೆ. ಒಂದು ತಪ್ಪು ಆರಿಸಲು ಕೆಲವೊಮ್ಮೆ ಪಾಠ ತಯಾರಿಸುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ಒಂದು ಸಂಜೆ ಮುಖ್ಯ ಶಿಕ್ಷಕರೇ ಉತ್ತರ ಕಳಿಸಿದರು. ಅವರ ಉತ್ತರ ತಪ್ಪಾಗಿತ್ತು. ಅವರೂ ನಾನೂ ಅದನ್ನು ಮತ್ತೆ ಪ್ರಸ್ತಾಪಿಸಲಿಲ್ಲ.

ಆರನೇ ದಿನ ಬಂದರುಗಳೂ ಅಣುವಿದ್ಯುತ್ ಕೇಂದ್ರಗಳೂ ಒಂದೇ ನಕ್ಷೆಯಲ್ಲಿದ್ದವು. ಪಾರಾದೀಪ್ ಬಂದರನ್ನು ಒಡಿಶಾದಿಂದ ಆಂಧ್ರಕ್ಕೆ ಇಳಿಸಿ, ಅದೇ ಇಂದಿನ ತಪ್ಪು ಎಂದುಕೊಂಡು ಹಾಕಿದೆ. ಏಳು ಮಕ್ಕಳು ಪಾರಾದೀಪ್ ಹಿಡಿದರು. ಕೊನೆಗೆ ಹುಡುಗಿಯ ಧ್ವನಿ ಬಂತು.

“ಮಿಸ್, ಎರಡವೆ.”

ಇಲ್ಲ, ಒಂದೇ ಎಂದು ಬರೆದೆ. ಎರಡು ನಿಮಿಷ ಬಿಟ್ಟು ಮತ್ತೊಂದು ಸಂದೇಶ.

“ಇಲ್ಲ ಮಿಸ್, ಎರಡವೆ. ತಾರಾಪುರ ಮಹಾರಾಷ್ಟ್ರ, ಕಕ್ರಪಾರ ಗುಜರಾತು. ನೀವು ಅದ್ಲು ಬದ್ಲು ಮಾಡಿದ್ದೀರ. ಪುಸ್ತಕ ನೋಡಿ ಬೇಕಾರೆ.”

ಪುಸ್ತಕ ನೋಡಿದೆ. ಅದು ನಾನು ಬೇಕೆಂದು ಮಾಡಿದ ತಪ್ಪಾಗಿರಲಿಲ್ಲ. ಉಳಿದ ಏಳು ಮಂದಿ, ನನ್ನನ್ನೂ ಸೇರಿಸಿದರೆ ಎಂಟು ಮಂದಿ, ಒಂದು ತಪ್ಪು ಸಿಕ್ಕ ಕೂಡಲೇ ಹುಡುಕುವುದನ್ನು ನಿಲ್ಲಿಸಿದ್ದೆವು. ಅವಳು ಕೊನೆಯವರೆಗೂ ನೋಡಿದ್ದಳು. ಪ್ರೂಫ್ ನೋಡುವವರಿಗೆ ಇರಬೇಕಾದ ಗುಣ ಅದೊಂದೇ, ಮತ್ತು ಅದನ್ನು ಯಾರಿಂದಲೂ ಕಲಿಸಲಾಗುವುದಿಲ್ಲ.

ಬೆಳಿಗ್ಗೆ ಆರೂವರೆಗೆ ಹೀಗೆ ಹಾಕಿದೆ: ‘ತಿದ್ದುಪಡಿ. ನಿನ್ನೆಯ ನಕ್ಷೆಯಲ್ಲಿ ಎರಡು ತಪ್ಪುಗಳಿದ್ದವು. ಎರಡನೆಯದು ನನಗೇ ಗೊತ್ತಿರಲಿಲ್ಲ. ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ ಕಂಡುಹಿಡಿದಿದ್ದಾರೆ.’ ಹೆಸರು ಹಾಕಲಿಲ್ಲ. ಎಂಟು ಗಂಟೆಗೆ ಅಣ್ಣ ಮಾರುಕಟ್ಟೆಯಿಂದ ಫೋನು ಮಾಡಿದ. ಹಿಂದೆ ಯಾರೋ ಏನೋ ಕೂಗುತ್ತಿದ್ದರು. “ಎಸ್ರು ಆಕ್ಬಾರ್ದು ಅಂದಿದ್ರಿ, ನಾನು ಆಕಿಲ್ಲ ಮಿಸ್. ಬಾಯಲ್ಲಿ ಏಳ್ದೆ, ಅಷ್ಟೇಯ.”

ಪರೀಕ್ಷಾ ಕೇಂದ್ರ ಹನೂರಿನಲ್ಲಿತ್ತು. ಅಣ್ಣ ಅಂದು ಬಾಡಿಗೆ ಬಿಟ್ಟು ತಂಗಿಯನ್ನು ಆಟೋದ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಬಂದ. ಗೇಟಿನ ಬಳಿ ಅವಳಿಗೆ ಒಂದೇ ಮಾತು ಹೇಳಿದೆ. “ಬರೆದು ಮುಗಿಸಿದ ಮೇಲೆ, ಅದು ನಿನ್ನದಲ್ಲ, ನಾನು ಬರೆದದ್ದು ಎಂದುಕೊಂಡು ಓದು.” ಅವಳು ಒಳಗೆ ಹೋದಳು. ಹೊರಗೆ ಬಂದವರಲ್ಲಿ ಅವಳು ಕಡೆಯವಳು.

ಫಲಿತಾಂಶ ಇದು. ಹನ್ನೊಂದರಲ್ಲಿ ಹತ್ತು ಮಕ್ಕಳು ಪರೀಕ್ಷೆ ಬರೆದರು, ಏಳು ಮಂದಿ ಪಾಸಾದರು. ಯಳಂದೂರಿನ ಕಡೆಯಿದ್ದ ಒಬ್ಬ ಬರಲೇ ಇಲ್ಲ; ಅವನ ನಂಬರು ಈಗ ಬೇರೆ ಯಾರದೋ ಆಗಿದೆ. ಉಳಿದ ಮೂವರು ಪರೀಕ್ಷೆ-3ಕ್ಕೆ ಕೂತರು. ಅವರಿಗಾಗಿ ಸಂಜೆ ಐದರ ತಪ್ಪು ಮುಂದುವರಿಯಿತು. ಹುಡುಗಿಗೆ ಪಾಸಿಗೆ ಬೇಕಾದ್ದಕ್ಕಿಂತ ಒಂಬತ್ತು ಅಂಕ ಹೆಚ್ಚು ಬಂದಿತ್ತು. ನಕ್ಷೆಯಿಂದಲೇ ಪಾಸಾದಳು ಎಂದು ಬರೆಯಲು ನನಗೂ ಇಷ್ಟ. ಆದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿಲ್ಲ, ಯಾವ ಪ್ರಶ್ನೆಗೆ ಎಷ್ಟು ಬಂತೆಂದು ನನಗೆ ಗೊತ್ತಿಲ್ಲ. ಹಾಗಾಗಿ ಬರೆಯಲಾರೆ.

ವ್ಯಾನಿನವರಿಗೆ ತಾಯಿಯೇ ಫೋನು ಮಾಡಿ, ಮಗಳು ಬರುವುದಿಲ್ಲವೆಂದು ಹೇಳಿದರಂತೆ. ಹಾಸ್ಟೆಲ್ ಸೀಟು ಮುಚ್ಚಲು ಇನ್ನೂ ಎರಡು ದಿನ ಇತ್ತು.

ಅಂದು ಸಂಜೆ ಅಣ್ಣನ ಸ್ಟೇಟಸ್ ತೆರೆದೆ. ಅಂಕಪಟ್ಟಿ ಇರುತ್ತದೆಂದು ಎಣಿಸಿದ್ದೆ. ಇದ್ದದ್ದು ಒಂದು ನಕ್ಷೆ. ಎಡಕ್ಕೆ ವಾಲಿದ, ಉಬ್ಬಿದ ಗುಜರಾತಿನ, ಬಂದರುಗಳು ನೆಲದ ಮೇಲಿದ್ದ ಅದೇ ಮೊದಲ ದಿನದ ಹಾಳೆ. ಅದರ ಮೇಲೆಲ್ಲ ಕೆಂಪು ಪೆನ್ನಿನಲ್ಲಿ ತಿದ್ದಿತ್ತು. ಬಂದರುಗಳನ್ನು ಬಾಣದ ಗುರುತಿನಿಂದ ಒಂದೊಂದಾಗಿ ದಡಕ್ಕೆ ತಂದಿದ್ದಳು. ಕೆಳಗೆ ಅವಳದೇ ಅಕ್ಷರ: ‘ತಪ್ಪು ಏಳು.’

ಎಣಿಸಿ ನೋಡಿದೆ. ಎಂಟಿದ್ದವು. ಶ್ರೀಲಂಕಾ ಇನ್ನೂ ಬಂದಿರಲಿಲ್ಲ.

ಅಂದು ಅದನ್ನು ಹೇಳಲಿಲ್ಲ. ಕೈಮುಗಿದ ಚಿತ್ರವೊಂದನ್ನು ಒತ್ತಿ ಫೋನು ಕೆಳಗಿಟ್ಟೆ.